ಎರಡನೆಯ ಹೊಗೆ

“ಎರಡು ಕಣ್ರೋ. ಒಂದಲ್ಲ,” ಎಂದ ನೆವಿಲ್, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು.

ಎಲ್ಲರಿಗೂ ಕಾಣುತ್ತಲೇ ಇತ್ತು. ಆಲೂಗಡ್ಡೆ ಹೊಲಗಳ ತುದಿಯ ಕಲ್ಲುಗೋಡೆಯ ಮೇಲೆ ಕೂತರೆ ಇಪ್ಪತ್ತು ಮೈಲಿ ಆಚೆಯ ನೈಟಿಂಗೇಲ್ ದ್ವೀಪ ಕಣ್ಣಿಗೆ ಬೀಳುತ್ತದೆ. ಅದರ ನೆತ್ತಿಯಿಂದ ಎರಡು ಹೊಗೆ ಎದ್ದು, ಎದ್ದಲ್ಲೇ ಗಾಳಿಗೆ ಬಾಗುತ್ತಿದ್ದವು. ಒಂದು ಹೊಗೆಯೆಂದರೆ ಎಲ್ಲ ಕ್ಷೇಮ. ಎರಡೆಂದರೆ ಯಾರದೋ ಜೀವಕ್ಕೆ ಆಪತ್ತು, ಬೇಗ ಬನ್ನಿ. ಅಜ್ಜಂದಿರ ಕಾಲದಿಂದಲೂ ಈ ಟ್ರಿಸ್ತಾನ್ ದ್ವೀಪದವರಿಗೂ ಆ ದ್ವೀಪಕ್ಕೂ ನಡುವೆ ಇರುವ ಮಾತು ಇಷ್ಟೇ.

ಆಪತ್ತು ಯಾರಿಗೆ ಎಂದು ಕೇಳುವ ಅಗತ್ಯವೂ ಇರಲಿಲ್ಲ. ಕಡಲಹಕ್ಕಿಯ ಮರಿಗಳ ಕೊಬ್ಬು ಕಾಯಿಸಿ ತರಲು ಹೋದವರಲ್ಲಿ ಉಬ್ಬಸದವನು ಒಬ್ಬನೇ, ಆಂಬ್ರೋಸನ ಮಗ ಸಿರಿಲ್. ಹಕ್ಕಿಯ ಗರಿ ಮೂಗಿಗೆ ತಾಕಿದರೆ ಸಾಕು, ಅವನ ಎದೆ ಕುಯ್‌ಗುಟ್ಟಲು ಶುರು. ಹೋಗಬೇಡ ಎಂಬ ಮಾತು ತಾಯಿ ರೋಡಾಳ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಬೆಳೆದ ಗಂಡಸಿಗೆ ಮಾಡು ಎಂದಾಗಲಿ, ಬೇಡ ಎಂದಾಗಲಿ ಹೇಳುವ ಪದ್ಧತಿ ಈ ಊರಲ್ಲಿ ಇಲ್ಲ. ಹೆತ್ತವರೂ ಹೇಳುವುದಿಲ್ಲ.

ದೋಣಿ ಹೊರಡುವುದೂ ಹಾಗೆಯೇ. ನಡೀರಿ ಎನ್ನುವ ಯಜಮಾನ ಯಾರೂ ಇಲ್ಲ. ಗೋಡೆಯ ಮೇಲೆ ಕೂತು ಗಾಳಿಯ ಮಾತು, ಅಲೆಯ ಮಾತು, ನಡುವೆ ದನಕರುವಿನ ಮಾತು ಆಡುತ್ತಾರೆ. ಆಮೇಲೆ ಚುಕ್ಕಾಣಿ ಹಿಡಿಯುವವನು ತುಟಿ ಬಿಚ್ಚದೆ ಎದ್ದು ದಡದ ಕಡೆ ನಡೆಯುತ್ತಾನೆ. ಅವನು ಎದ್ದನೆಂದರೆ ಮಿಕ್ಕವರೂ ಎದ್ದರು. ಸಮುದ್ರ ಬಾಯಿ ತೆರೆದು ನಿಂತಿದ್ದರೂ ಕೂತೇ ಇರುವ ಗಂಡಸು ಇಲ್ಲಿ ಹುಟ್ಟಿಲ್ಲ. ಈ ದೋಣಿಯ ಚುಕ್ಕಾಣಿ ಆಂಬ್ರೋಸನದು.

“ಗಾಳಿ ವಾಯವ್ಯದ್ದು,” ಎಂದ ಅವನ ವಾರಿಗೆಯ ಸಿಮಿಯನ್. “ಹೋಗೋದಕ್ಕೇನು ಕಷ್ಟ? ಹಾಯಿ ಬಿಚ್ಚಿದ್ರೆ ಅದೇ ತಳ್ಕೊಂಡ್ ಹೋಗತ್ತೆ. ಅವರಿಗೆ ಈ ಕಡೆ ಬರೋಕಾಗಲ್ಲ ಅಷ್ಟೇ.”

“ಅದೆಲ್ಲ ದಡ ಬಿಟ್ಟ ಮೇಲಿನ ಮಾತಲ್ವಾ?” ಎಂದ ಇನ್ನೊಬ್ಬ, ದಡಕ್ಕೆ ಅಪ್ಪಳಿಸುತ್ತಿದ್ದ ದೊಡ್ಡ ಅಲೆಗಳನ್ನು ನೋಡುತ್ತ.

“ಆಗಾಗ ಒಂದು ಸಣ್ಣಲೆ ಬರ್ತಿದೆ. ಅದರ ಬೆನ್ನು ಹತ್ತಿಬಿಟ್ರೆ...”

“ಹತ್ತಿದ್ರೆ ಸೀದಾ ಸ್ವರ್ಗಕ್ಕೇ ಇಳಿಸತ್ತೆ ಬಿಡು,” ಎಂದ ನೆವಿಲ್.

“ನಿನಗೇನಪ್ಪ, ಮಗು ಅಳೋದು ತಪ್ಪಿದ್ರೆ ಸಾಕು, ಎಲ್ಲಿಗೆ ಬೇಕಾದ್ರೂ ಹೊರಡ್ತೀಯ,” ಎಂದ ಸಿಮಿಯನ್.

ನಕ್ಕರು. ನೆವಿಲ್‌ನ ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಆಂಬ್ರೋಸ್ ನಗಲಿಲ್ಲ. ಬೆಳಗಿನಿಂದ ಅವನು ಮನಸ್ಸಿನಲ್ಲೇ ಆ ಇಪ್ಪತ್ತು ಮೈಲಿ ಹೋಗಿ ಬರುತ್ತಿದ್ದ. ಹಾಯಿ ಅರ್ಧಕ್ಕೆ ಕಟ್ಟುವುದು. ಹುಟ್ಟಿಗೆ ತೊಡರುವ ಕಡಲಪಾಚಿಯ ಸಾಲಿನಿಂದ ದೂರ ಸರಿಯುವುದು. ನೈಟಿಂಗೇಲಿನ ಪೂರ್ವದ ಮಗ್ಗುಲಲ್ಲಿ ಗಾಳಿ ತಾಕುವುದಿಲ್ಲ, ಅಲ್ಲಿ ಬಂಡೆಗೆ ದೋಣಿ ಆನಿಸಿ ಸಿರಿಲ್‌ನನ್ನು ಇಳಿಸಿಕೊಳ್ಳುವುದು. ಎಲ್ಲ ಸಲೀಸು. ಆದರೆ ಹೊರಡುವಲ್ಲಿಗೆ ಬಂದರೆ, ಕಟ್ಟಿಗೆಯ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ಆ ಹಗುರ ದೋಣಿಯನ್ನು ಮೂರನೆಯ ಅಲೆ ಎತ್ತಿ ಮಗುಚಿಹಾಕುತ್ತಿತ್ತು. ಎಷ್ಟು ಸಲ ನೂಕಿದರೂ ಅಷ್ಟೇ. ನೀರಿನಲ್ಲಿ ಮೊದಲು ಕಾಣುತ್ತಿದ್ದುದು ನೆವಿಲ್‌ನ ಮುಖ. ಅಯ್ಯೋ ದೇವರೇ, ಇವರಲ್ಲಿ ಒಬ್ಬನಾದರೂ ‘ಬೇಡ’ ಅನ್ನಬಾರದೇ ಎಂದು ಅವನ ಜೀವ ಬಾಯಿಬಿಡುತ್ತಿತ್ತು. ಒಬ್ಬನಾದರೂ ‘ನಡಿ’ ಎಂದಿದ್ದರೂ ಆಗುತ್ತಿತ್ತು.

ರೋಡಾ ಬಂದು ಬುತ್ತಿಯ ಚೀಲವನ್ನು ಗೋಡೆಯ ಮೇಲಿಟ್ಟಳು. ಆಲೂಗಡ್ಡೆಯ ರೊಟ್ಟಿ, ಒಣಮೀನು.

“ಅವನದೊಂದು ದಪ್ಪ ಅಂಗಿ ಇಟ್ಟಿದೀನಿ,” ಎಂದಳು. ಅಷ್ಟೇ. ಗಂಡನ ಮುಖ ನೋಡಲಿಲ್ಲ, ಸಮುದ್ರ ನೋಡುತ್ತ ನಿಂತಳು.

ಆಂಬ್ರೋಸ್‌ಗೆ ಕೂತಿರಲಾಗಲಿಲ್ಲ. ಬಗ್ಗಿ, ಚರ್ಮದ ಮೆಟ್ಟಿನ ದಾರಕ್ಕೆ ಕೈ ಹಾಕಿದ. ಗೋಡೆಯುದ್ದಕ್ಕೂ ಉಳಿದ ಆರೂ ಜನ ಒಮ್ಮೆಲೇ ಎದ್ದು ನಿಂತರು. ನೆವಿಲ್ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. ಅವನ ತುಟಿ ಬಿಳಿಚಿತ್ತು.

ಆಂಬ್ರೋಸ್ ದಾರ ಬಿಗಿದ. ಬಿಗಿದ ಗಂಟನ್ನು ಬಿಚ್ಚಿ ಮತ್ತೆ ಬಿಗಿದ.

“ಸಡಿಲ ಆಗಿತ್ತು,” ಎಂದ, ತಲೆಯೆತ್ತದೆ.

ಒಬ್ಬೊಬ್ಬರಾಗಿ ಕೂತರು. ಸಿಮಿಯನ್ ತನ್ನ ಕಂದು ಹಸುವಿನ ಕೆಚ್ಚಲು ಬಾತಿರುವ ವಿಷಯ ತೆಗೆದ. ರೋಡಾ ಚೀಲವನ್ನು ಎತ್ತಿಕೊಳ್ಳಲಿಲ್ಲ, ಅಲ್ಲಿಂದ ಹೋಗಲೂ ಇಲ್ಲ.

ಹೊತ್ತು ಇಳಿಯುವಾಗ ನೆವಿಲ್ ಕಿರುಚಿದ. “ಒಂದಾಯ್ತು! ಆಂಬ್ರೋಸ್ ಮಾವ, ನೋಡಿ, ಒಂದೇ!”

ನಿಜ, ಒಂದೇ ಹೊಗೆ. ಎರಡನೆಯದು ಇದ್ದ ಜಾಗದಲ್ಲಿ ಬರೀ ಆಕಾಶ. ಉಬ್ಬಸ ಹಾಗೆಯೇ ಅಲ್ಲವೇ, ಈಗ ಸತ್ತೇ ಹೋದ ಅನ್ನುವಷ್ಟರಲ್ಲಿ ಬಿಟ್ಟುಬಿಡುತ್ತದೆ. ಸಿಮಿಯನ್ ಆಂಬ್ರೋಸನ ಬೆನ್ನಿಗೆ ಗುದ್ದಿದ. ರೋಡಾ ಅಳುತ್ತ ನಗುತ್ತ ಚೀಲ ಬಿಚ್ಚಿ ಎಲ್ಲರಿಗೂ ರೊಟ್ಟಿ ಹಂಚಿದಳು. ಆ ಸಂಜೆ ಆಂಬ್ರೋಸ್ ಎರಡೆರಡು ಸಲ ಬಡಿಸಿಕೊಂಡು ಉಂಡ. ಹಾಸಿಗೆಗೆ ಬಿದ್ದವನಿಗೆ ಕೂಡಲೇ ನಿದ್ದೆ ಬಂತು.

ಗಾಳಿ ತಿರುಗಿ ದಕ್ಷಿಣದಿಂದ ಬೀಸತೊಡಗಿದ ಬೆಳಗ್ಗೆ ನೈಟಿಂಗೇಲಿಗೆ ಹೋದವರ ದೋಣಿ ಬಂತು. ಹಕ್ಕಿಯ ಕೊಬ್ಬು ತರುವ ದೋಣಿಯೆಂದರೆ ಪಾಚಿಯ ಸಾಲು ದಾಟುವ ಮೊದಲೇ ಕೂಗು, ಹಾಡು, ದಡದ ಹೆಂಗಸರಿಗೆ ತಮಾಷೆ. ಈ ದೋಣಿ ಸುಮ್ಮನೆ ಬಂತು. ಹುಟ್ಟಿನ ಸದ್ದು ದಡಕ್ಕೆ ಕೇಳಿಸುತ್ತಿತ್ತು.

ಸಿರಿಲ್‌ನನ್ನು ಹಾಯಿಬಟ್ಟೆಯಲ್ಲಿ ಸುತ್ತಿ ಕೊಬ್ಬಿನ ಪೀಪಾಯಿಗಳ ನಡುವೆ ಮಲಗಿಸಿದ್ದರು. ಇಳಿಸಿ ಕಪ್ಪು ಮರಳಿನ ಮೇಲಿಟ್ಟರು. ಜೊತೆಗೆ ಹೋಗಿದ್ದ ಗಿಲ್ಬರ್ಟ್ ಆಂಬ್ರೋಸನ ಎದುರು ಬಂದು ನಿಂತ.

“ಎರಡೂ ಬೆಂಕಿಗೆ ಹುಲ್ಲು ಹಾಕ್ತಾನೇ ಇದ್ವಿ ಮಾವ. ಇವನೇ ತೆವಳ್ಕೊಂಡ್ ಬಂದ. ‘ಒಂದು ಬೆಂಕಿ ಆರಿಸ್ರೋ’ ಅಂದ. ಉಸಿರು ಸಿಕ್ಕಿದಾಗ ಒಂದೊಂದೇ ಮಾತು. ‘ಅಪ್ಪ ನೋಡ್ತಿರ್ತಾನೆ, ಈ ಅಲೇಲೂ ಎದ್ದುಬಿಡ್ತಾನೆ, ಅವನ ಹಿಂದೆ ಎಲ್ರೂ ಬಂದು ಸಾಯ್ತಾರೆ’ ಅಂದ. ನಾವು ಆರಿಸ್ಲಿಲ್ಲ. ಕೈಯಾರೆ ಮಣ್ಣು ಎಳ್ದು ತಾನೇ ಮುಚ್ಚಿದ. ಬೇಡ ಅಂತ ಹೆಂಗ್ ಹೇಳೋದು?”

ಗೋಡೆಯ ಮೇಲೆ ಕೂತಿದ್ದ ಆರು ಜನರೂ ಅಲ್ಲೇ ನಿಂತಿದ್ದರು. ಯಾರೂ ಆಂಬ್ರೋಸನ ಕಡೆ ನೋಡಲಿಲ್ಲ. ಸಿಮಿಯನ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಿದ್ದ. ಯಾರಾದರೂ ಒಬ್ಬರು ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಆಂಬ್ರೋಸ್ ಕಾದ. ಯಾರೂ ಬೈಯಲಿಲ್ಲ. ಇನ್ನು ಬದುಕಿರುವಷ್ಟು ಕಾಲ ಯಾರೂ ಬೈಯುವುದಿಲ್ಲ ಎಂದು ಅವನಿಗೆ ಗೊತ್ತಾಯಿತು.

“ನಾನು ಏಳ್ಲಿಲ್ಲ ರೋಡಾ,” ಎಂದ.

“ನಾನೂ ಅಲ್ಲೇ ಇದ್ನಲ್ಲ,” ಎಂದಳು ರೋಡಾ. ಮರಳಿನಲ್ಲಿ ಕೂತು ಹಾಯಿಬಟ್ಟೆಯನ್ನು ಸರಿಸಿದಳು. “ಬನ್ನಿ, ತಲೆ ಸ್ವಲ್ಪ ಎತ್ತಿ ಹಿಡ್ಕೊಳ್ಳಿ.”

ಅವನು ಮಂಡಿಯೂರಿ ಮಗನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸಿರಿಲ್‌ನ ಕೂದಲ ತುಂಬ ಹಕ್ಕಿಯ ಸಣ್ಣ ಸಣ್ಣ ಗರಿಗಳು ಅಂಟಿದ್ದವು. ರೋಡಾ ಅವನ್ನು ಒಂದೊಂದಾಗಿ ಬಿಡಿಸಿ ತೆಗೆಯತೊಡಗಿದಳು. ತೆಗೆದದ್ದನ್ನು ಗಾಳಿಗೆ ಬಿಡಲಿಲ್ಲ, ಮಗನ ಮೂಗಿನಿಂದ ದೂರವಾಗಿ ತನ್ನ ಮಡಿಲಿಗೆ ಹಾಕಿಕೊಂಡಳು.