ಖಾಲಿ ಹಲಗೆ

ನಮ್ಮ ಪಕ್ಷಿಧಾಮದ ಟಿಕೆಟ್ ಕಿಟಕಿಯ ಪಕ್ಕ ಒಂದು ಕಪ್ಪು ಹಲಗೆಯಿದೆ. ಯಾವ ಹಕ್ಕಿ ಎಲ್ಲಿ ಕಂಡಿತೆಂದು ಅದರ ಮೇಲೆ ಬರೆಯುತ್ತೇವೆ. ಆದರೆ ಜನರಿಗೆ ಹೆದರುವ ಪುಕ್ಕಲು ಹಕ್ಕಿ ಬಂದರೆ ಬರೆಯಕೂಡದು. ಅದು ಹಾರಿಹೋದ ಮೇಲಷ್ಟೇ 'ಬಂದಿತ್ತು, ಹೋಯಿತು' ಎಂದು ಬರೆಯಬೇಕು. ಈ ನಿಯಮ ಮಾಡಿದವರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ನನ್ನ ಹಾಗೇ ಕಾವಲಿನವರು. ನಮಗೆಲ್ಲ ಹಕ್ಕಿ ಎಣಿಸಲು ಕಲಿಸಿದ್ದಕ್ಕೆ ಆ ಹೆಸರು. ನನಗೆ ಮೆಣಸಿನಕಾಯಿ ಎಂದು ಹೆಸರಿಟ್ಟವರೂ ಅವರೇ. ಸುಳ್ಳಲ್ಲ ಬಿಡಿ, ನನಗೆ ಮೂಗಿನ ತುದಿಯಲ್ಲೇ ಕೋಪ.

ಕೆಲಸಕ್ಕೆ ಸೇರಿದ ವರ್ಷ ಬಾಯಿ ತಡೆಯದೆ ನನ್ನ ನಾದಿನಿಗೆ ಒಂದು ಗೂಡಿನ ಜಾಗ ಹೇಳಿಬಿಟ್ಟಿದ್ದೆ. ಮೇಷ್ಟ್ರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಅಂದಿನಿಂದ ನನ್ನ ಬಾಯಿಗೆ ಬೀಗ.

ಮೂರು ವರ್ಷದಿಂದ, ಎಲೆ ಉದುರುವ ಕಾಲಕ್ಕೆ ಒಂದು ಕರಿ ಕೊಕ್ಕರೆ ಬರುತ್ತಿತ್ತು. ಒಂಟಿ, ಎಡಗಾಲು ಸೊಟ್ಟ. ದೋಣಿ ಹೋಗದ ಮೂಲೆಯಲ್ಲಿ, ಜೊಂಡಿನ ಹಿಂದೆ ಹದಿನೈದು ದಿನ ಹೊಟ್ಟೆ ತುಂಬ ತಿಂದು, ಮೈಯಲ್ಲಿ ಕಸುವು ಬಂದ ಮೇಲೆ ಮುಂದೆ ಹೋಗುತ್ತಿತ್ತು. ಅದು ಗೊತ್ತಿದ್ದದ್ದು ಮೇಷ್ಟ್ರಿಗೆ ಮತ್ತು ನನಗೆ. ನನ್ನ ಗಂಡನಿಗೂ ನಾನು ಹೇಳಿರಲಿಲ್ಲ.

ಈ ಸಲ ಅದು ಬಂದ ನಾಲ್ಕನೇ ಬೆಳಿಗ್ಗೆ ಕಾವಲು ಗೋಪುರ ಹತ್ತಿ ದುರ್ಬೀನು ಕಣ್ಣಿಗಿಟ್ಟೆ. ಜೊಂಡನ್ನೆಲ್ಲ ತುಳಿದುಹಾಕಿ ಹತ್ತು ಹದಿನೈದು ಜನ ಕ್ಯಾಮೆರಾ ಹಿಡಿದು ಕೆಸರಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದೆ, ಕೈ ಚಾಚಿ ತೋರಿಸುತ್ತಾ, ಹಳದಿ ಟೋಪಿಯ ಮೇಷ್ಟ್ರು. ಕೊಕ್ಕರೆ ಎದ್ದಿತು. ಸೊಟ್ಟ ಕಾಲು ಜೋತುಬಿಟ್ಟುಕೊಂಡು ಒಂದು ಸುತ್ತು ಹಾಕಿ ಹಸಿದ ಹೊಟ್ಟೆಯಲ್ಲೇ ಹೊರಟುಹೋಯಿತು.

ಮಧ್ಯಾಹ್ನ ಪಕ್ಷಿಧಾಮದ ಸಾಹೇಬರು ಕರೆಸಿದರು. "ಜಾಗ ಹೇಳಿದ್ದು ನೀವಂತೆ. ಪಾಪ, ಮೇಷ್ಟ್ರು ಜನರನ್ನ ತಡೆಯೋಕೆ ಹೋಗಿದ್ರಂತೆ. ಇನ್ಮೇಲೆ ಗೋಪುರ ಬೇಡ, ಟಿಕೆಟ್ ಕಿಟಕೀಲಿ ಕೂತ್ಕೊಳ್ಳಿ."

ಎಷ್ಟು ಬಾಯಿ ಬಡಿದುಕೊಂಡರೂ ಕೇಳಲಿಲ್ಲ. ನಾದಿನಿಯ ಹಳೇ ಕಥೆ ಅವರಿಗೆ ನೆನಪಿತ್ತು.

ಮೇಷ್ಟ್ರು ನಲ್ಲಿಯ ಹತ್ತಿರ ಬೂಟಿನ ಕೆಸರು ತೊಳೆಯುತ್ತಿದ್ದರು.

"ನಿಮಗೆ ಮನಸ್ಸಾದ್ರೂ ಹೇಗೆ ಬಂತು ಮೇಷ್ಟ್ರೇ?"

ಅವರು ತಲೆ ಎತ್ತಲಿಲ್ಲ. "ನಾಡಿದ್ದು ರಿಟೈರ್ ಆಗ್ತೀನಮ್ಮ. ಮೂವತ್ತು ವರ್ಷ ಬಚ್ಚಿಟ್ಟಿದ್ದೇ ಆಯ್ತು. ಒಂದ್ಸಲ ನಾಲ್ಕು ಜನಕ್ಕೆ 'ಅಗೋ ನೋಡಿ' ಅನ್ಬೇಕು ಅನ್ನಿಸ್ತು."

"ಅನ್ನಿ, ಯಾರು ಬೇಡ ಅಂದ್ರು? ನನ್ನ ಹೆಸರ್ಯಾಕೆ ಹೇಳಿದ್ರಿ?"

"ನಾನು ಮರ್ಯಾದೆಯಾಗಿ ಹೋಗ್ಬೇಕಲ್ಲಮ್ಮ. ನಿನಗಾದ್ರೆ ಒಂದು ಬೈಗುಳದಲ್ಲಿ ಮುಗಿಯುತ್ತೆ ಅಂದ್ಕೊಂಡೆ. ಕೊಕ್ಕರೆ ನಾಲ್ಕು ದಿನಕ್ಕೆ ವಾಪಸ್ ಬರುತ್ತೆ ಬಿಡು."

ಅಪ್ಪನ ಹಾಗೆ ನಂಬಿದ್ದೆ ಆ ಮನುಷ್ಯನನ್ನು.

ವಾರವಾದರೂ ಕೊಕ್ಕರೆ ಬರಲಿಲ್ಲ. ಹಲಗೆ ಬರೆಯುವುದು ಟಿಕೆಟ್ ಕಿಟಕಿಯವರ ಕೆಲಸ. 'ಬಂದಿತ್ತು, ಹೋಯಿತು' ಎಂದು ಬರೆಯಲು ಸೀಮೆಸುಣ್ಣ ಎತ್ತಿಕೊಂಡೆ. ಮತ್ತೆ ಇಟ್ಟುಬಿಟ್ಟೆ.

ಮರುದಿನ, ರಿಟೈರಾಗಿದ್ದ ಮೇಷ್ಟ್ರು ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಬಂದರು. ಮೊದಲು ನೋಡಿದ್ದು ನನ್ನನ್ನಲ್ಲ, ಹಲಗೆಯನ್ನು. ಅದರ ಮೇಲೆ ಕೊಕ್ಕರೆಯ ಸುದ್ದಿಯೇ ಇಲ್ಲ, 'ಬಂದಿತ್ತು, ಹೋಯಿತು' ಎಂದೂ ಇಲ್ಲ. ಅವರ ಮುಖ ಅರಳಿತು.

"ವಾಪಸ್ ಬಂದಿದೆ ಅಲ್ವಾ?" ಎಂದು ಪಿಸುಗುಟ್ಟಿದರು.

"ನಿಯಮ ನಿಮ್ಮದೇ ಅಲ್ವಾ ಮೇಷ್ಟ್ರೇ? ನಾನು ಬಾಯಿ ಬಿಡಲ್ಲ."

"ಭೇಷ್ ಮೆಣಸಿನಕಾಯಿ," ಎಂದರು. ಟಿಕೆಟ್ ಹರಿದುಕೊಟ್ಟೆ.

ಸಂಜೆ ಬಾಗಿಲು ಹಾಕುವವರೆಗೂ ಅವರು ಜೊಂಡಿನ ಹತ್ತಿರ, ಬರುವ ಕೆಮ್ಮನ್ನೂ ತಡೆದುಕೊಂಡು, ಕಾಯುತ್ತಾ ಕೂತಿದ್ದರು. ನಾನು ಹೋಗಿ ಹೇಳಲಿಲ್ಲ.