ತಣ್ಣಗಿನ ನಳಿಕೆಯ ಮೊದಲ ಗುಂಡು

ನನ್ನ ಪರ್ಸಿನಲ್ಲಿ ಹೆಂಡತಿಯ ಫೋಟೊ ಇರಲಿಲ್ಲ. ಅವಳು ಬಿಟ್ಟುಹೋಗಿ ಇಪ್ಪತ್ತು ವರ್ಷವಾಗಿತ್ತು, ಹಾಗಾಗಿ ಅದು ತಪ್ಪೂ ಅಲ್ಲ. ಫೋಟೊ ಇರಬೇಕಾದ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಕಾಗದದ ಚೂರಿತ್ತು. ಅದರಲ್ಲಿ ಮೂರು ತೂತು, ಒಂದಕ್ಕೊಂದು ಅಂಟಿಕೊಂಡು ಒಂದೇ ತೂತಿನ ಹಾಗೆ ಕಾಣುತ್ತಿದ್ದವು. ನೂರು ಗಜ ದೂರದಿಂದ ನಾನೇ ಹೊಡೆದದ್ದು. ನಮ್ಮ ಪೌಡರ್ ನದಿಯ ಸೀಮೆಯಲ್ಲಿ ಇಂಥದ್ದೊಂದು ಕಾಗದ ಇಟ್ಟುಕೊಳ್ಳದ ಗಂಡಸು ಸಿಗುವುದು ಕಷ್ಟ. ದನಕುರಿಗಳ ಮೇವು ಮಾರುವ ದಾಣಿ ಅಂಗಡಿಯ ಕಟ್ಟೆಯ ಮೇಲೆ ಕಾಫಿ ಲೋಟ ಇಟ್ಟ ಕೂಡಲೇ ಎಲ್ಲರ ಪರ್ಸೂ ಹೊರಗೆ ಬರುತ್ತಿತ್ತು.

"ಕಾರ್ಖಾನೆಯಿಂದ ಬಂದ ಹಾಗೇ ಇದೆ ಕಣ್ರೋ ಬಂದೂಕು. ನಾನು ಏನೂ ಮಾಡ್ಸಿಲ್ಲ," ಎಂದು ನಾನು ಜಂಬ ಕೊಚ್ಚುತ್ತಿದ್ದೆ.

ಬಂದೂಕಿನ ಡಬ್ಬಿಯೊಳಗೆ ಕಾರ್ಖಾನೆಯವರು ಒಂದು ಚೀಟಿ ಇಟ್ಟಿದ್ದರು. ನೂರು ಗಜಕ್ಕೆ ಮೂರು ಗುಂಡು ಒಂದು ಅಂಗುಲದೊಳಗೆ ಬೀಳುತ್ತವೆ ಎಂಬುದು ಅವರ ಮಾತು. ನನ್ನ ಕಾಗದದಲ್ಲಿದ್ದದ್ದು ಅರ್ಧ ಅಂಗುಲ. ನೂರಕ್ಕೆ ಅರ್ಧ ಆದರೆ ನಾನೂರಕ್ಕೆ ಎರಡು. ನಮ್ಮ ಕಡೆಯ ಚಿಕ್ಕ ತೋಳ, ಕಯೋಟಿಯ ಎದೆ ಅಂಗೈಯಗಲ ಇರುತ್ತದೆ. ಈ ಲೆಕ್ಕದಲ್ಲಿ ನಾನೂರು ಗಜದ ಕಯೋಟಿ ಎಂದರೆ ನನಗೆ ಬಾಳೆಹಣ್ಣು ಸುಲಿದಷ್ಟು ಸುಲಭ ಎಂದು ನಾನೂ ನಂಬಿದ್ದೆ, ಊರಿಗೂ ನಂಬಿಸಿದ್ದೆ.

ಹಾಗಾಗಿ ಮೇ ತಿಂಗಳ ಮೊದಲ ವಾರ ಮಾಯ್ಟೆ ಅಕ್ಕ ಫೋನ್ ಮಾಡಿದಾಗ ನಾನು ಬಂದೂಕು ಹೆಗಲಿಗೇರಿಸಿಕೊಂಡು ಮದುಮಗನ ಹಾಗೆ ಹೊರಟೆ.

ಅಕ್ಕನಿಗೆ ಅರವತ್ತಾರು, ನನಗಿಂತ ಐದು ವರ್ಷ ದೊಡ್ಡವಳು. ನಮ್ಮ ತಾತ ಸಮುದ್ರದಾಚೆಯ ಬಾಸ್ಕ್ ನಾಡಿನಿಂದ ಬಂದು ಕಟ್ಟಿದ ಕುರಿಮಂದೆಯನ್ನು ಅಪ್ಪನ ನಂತರ ನಡೆಸಿಕೊಂಡು ಬಂದವಳು ಅವಳೇ. ನಾನು ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಗಾಡಿ ಓಡಿಸಿ ನಿವೃತ್ತನಾದವನು. ಹೋದ ವಸಂತದಲ್ಲಿ ಅವಳು ಕಯೋಟಿಯ ಬಾಯಿಗೆ ಅರವತ್ತು ಮರಿ ಕಳೆದುಕೊಂಡಿದ್ದಳು. ಈ ಸಲ ಈಯಲು ಶುರುವಾಗಿ ಹತ್ತು ದಿನವಾಗಿತ್ತು, ಆಗಲೇ ಹನ್ನೊಂದು ಹೋಗಿದ್ದವು.

ಅಡುಗೆಮನೆಯಲ್ಲಿ ನನಗೆ ಬ್ರೆಡ್ಡು, ಹಂದಿಮಾಂಸದ ಖಾರದ ಚೊರಿಸೊ ಬಡಿಸಿ ಅವಳು ನಿಂತುಕೊಂಡೇ ಹೇಳಿದಳು: "ನೋಡು ಆರ್ನೊ, ಈ ವರ್ಷಾನೂ ಹೀಗೇ ಆದ್ರೆ ನಾನು ಒಂದು ಹೆಣ್ಮರೀನೂ ಉಳಿಸ್ಕೊಳ್ಳಲ್ಲ. ಸೆಪ್ಟೆಂಬರಲ್ಲಿ ತಾಯಿ, ಮರಿ ಎಲ್ಲಾನೂ ಒಟ್ಟಿಗೆ ಲಾರಿ ಹತ್ಸಿಬಿಡ್ತೀನಿ."

ಹೆಣ್ಣುಮರಿ ಉಳಿಸಿಕೊಳ್ಳದಿದ್ದರೆ ಮಂದೆ ಮುಗಿಯಿತು ಎಂದೇ ಅರ್ಥ. ಕುರಿಯಿಲ್ಲದ ಅಕ್ಕನನ್ನು ಊಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಗಂಡ ಸತ್ತಾಗಲೂ ಆಕೆ ಮೂರನೆಯ ದಿನ ಮಂದೆಯ ಹಿಂದೆ ಇದ್ದವಳು.

"ನಾನಿದೀನಲ್ಲ ಅಕ್ಕ, ವಾರದೊಳಗೆ ಮುಗಿಸ್ತೀನಿ," ಎಂದೆ.

ಮಂದೆ ಕಾಯುತ್ತಿದ್ದವನು ಪೆರು ದೇಶದ ವಿಲ್ಮೆರ್. ಹನ್ನೆರಡು ವರ್ಷದಿಂದ ಅಕ್ಕನ ಬಳಿ ಇದ್ದಾನೆ. ಮರಿ ಹಿಡಿಯುತ್ತಿರುವುದು ಒಂದೇ ಗಂಡು ಕಯೋಟಿ ಎಂದು ಅವನೇ ಗುರುತು ಹಚ್ಚಿದ್ದ. ಬಾಲದ ತುದಿಯಲ್ಲಿ ಅದಕ್ಕೆ ಕೂದಲಿರಲಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಪಶ್ಚಿಮದ ದಿಬ್ಬದಿಂದ ಇಳಿಯುತ್ತಿತ್ತು. ಕಾವಲಿನ ಎರಡು ಬಿಳಿ ನಾಯಿಗಳು ಒಂದು ಮಗ್ಗುಲಿಗೆ ಹೋದರೆ ಅದು ಇನ್ನೊಂದು ಮಗ್ಗುಲಿನಿಂದ ಬರುತ್ತಿತ್ತು.

"ಬೇರೆ ಕಯೋಟಿಗಳೂ ಇದಾವೆ ಯಜಮಾನ್ರೇ. ಅವು ಇಲಿ ತಿನ್ಕೊಂಡು ಅವುಗಳ ಪಾಡಿಗೆ ಇರ್ತವೆ. ಅವುಗಳ ಸುದ್ದಿಗೆ ಹೋಗ್ಬೇಡಿ," ಎಂದು ಅವನು ಮೊದಲೇ ಎಚ್ಚರಿಸಿದ.

ಮೊದಲ ಬೆಳಿಗ್ಗೆ ಅದು ನಾನೂರು ಗಜದಲ್ಲಿ ನಿಂತಿತು. ಹೊಡೆದೆ. ಅದರ ಹಿಂದೆ ಧೂಳೆದ್ದಿತು. ಬಂದೂಕಿನ ಮೇಲಿನ ದುರ್ಬೀನಿನಲ್ಲಿ ಗುರಿ ಹೊಂದಿಸುವ ತಿರುಪನ್ನು ಎರಡು ಹಲ್ಲು ಕೆಳಕ್ಕೆ ತಿರುಗಿಸಿದೆ. ಎರಡು ದಿನ ಬಿಟ್ಟು ಮುನ್ನೂರೈವತ್ತಕ್ಕೆ ಹೊಡೆದೆ, ಗುಂಡು ಅದರ ಕಾಲ ಬುಡದಲ್ಲಿ ಬಿತ್ತು. ಮತ್ತೆ ಮೂರು ಹಲ್ಲು ಮೇಲಕ್ಕೆ. ಮೂರನೆಯದು ಎಡಕ್ಕೆ ಹೋಯಿತು. ಮತ್ತೆ ತಿರುಪು.

"ತಿರುಗ್ಸಿ ತಿರುಗ್ಸಿ ಬಂದೂಕಿಗೆ ತಲೆಸುತ್ತು ಬಂದಿರ್ಬೇಕು," ಎಂದ ವಿಲ್ಮೆರ್, ನಗದೆ.

ಆಮೇಲೆ ಕಯೋಟಿ ಐನೂರು ಗಜದೊಳಗೆ ಹಗಲು ಮುಖ ತೋರಿಸಲಿಲ್ಲ. ಮರಿ ಹೋಗುವುದು ಮಾತ್ರ ನಿಲ್ಲಲಿಲ್ಲ. ಹದಿನೇಳಾಯಿತು. ನಾನು ದಾಣಿ ಅಂಗಡಿಗೆ ಹೋಗಿ ಅಳಲು ತೋಡಿಕೊಂಡೆ. ಅಂಗಡಿಯ ದಪ್ಪ ಲೊವೆಲ್, "ಕಾರ್ಖಾನೆ ಬಂದೂಕಿನ ಹಣೆಬರಾನೇ ಅಷ್ಟು ಕಣಪ್ಪಾ. ಹೊಸ ನಳಿಕೆ ಹಾಕ್ಸು," ಎಂದು ಸಮಾಧಾನ ಹೇಳಿದ. ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಅಕ್ಕನ ಮನೆಗೆ ಬಂದು ಅವಳಿಗೂ ಅದನ್ನೇ ಒಪ್ಪಿಸಿದೆ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಅಕ್ಕ. "ತಗೊಂಡ್ ಬಾ ನಿನ್ನ ಬಂದೂಕು."

ಕೊಟ್ಟಿಗೆಯ ಹಿಂದೆ ಮೇಜು ಹಾಕಿಸಿ, ಅದರ ಮೇಲೆ ಮರಳಿನ ಚೀಲ ಇಡಿಸಿದಳು. ನನ್ನನ್ನು ಶಾಲೆಯ ಹುಡುಗನ ಹಾಗೆ ಕೂರಿಸಿ, ತಿರುಪು ಸರಿಮಾಡಿಸಿ, ನೂರು ಗಜಕ್ಕೆ ನಿಧಾನವಾಗಿ ಮೂರು ಗುಂಡು ಹೊಡೆಸಿದಳು. ಅಳೆದಾಗ ಒಂದು ಅಂಗುಲ ಇತ್ತು, ಕೂದಲೆಳೆ ಕಡಿಮೆ.

"ಕಾರ್ಖಾನೆಯೋರು ಮಾತು ಉಳಿಸ್ಕೊಂಡಿದಾರೆ. ಇನ್ನು ನಿನ್ನ ಸರದಿ," ಎಂದಳು. ಕುರಿಗಳ ಬೆನ್ನಿಗೆ ಗುರುತು ಹಾಕುವ ನೀಲಿ ಬಣ್ಣದ ಡಬ್ಬಿ ತಂದು, ದುರ್ಬೀನಿನ ಎರಡೂ ತಿರುಪಿನ ಮೇಲೆ ದಪ್ಪಗೆ ಬಳಿದೇಬಿಟ್ಟಳು. "ಈ ಬಣ್ಣ ಒಡೆದಿದ್ದು ಕಂಡ್ರೆ ಕೈ ಮುರೀತೀನಿ."

ಮರುದಿನದಿಂದ ನನ್ನ ಶಿಕ್ಷೆ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ, ಇನ್ನೂರು ಗಜದಲ್ಲಿ ಅಂಟಿಸಿದ ಕಾಗದಕ್ಕೆ ಒಂದೇ ಒಂದು ಗುಂಡು. ಮೇಜಿಲ್ಲ, ಮರಳಿನ ಚೀಲವಿಲ್ಲ. ಬೇಟೆಯಲ್ಲಿ ಮಲಗುವ ಹಾಗೆಯೇ ಹುಲ್ಲಿನ ಮೇಲೆ ಮಲಗಿ ಹೊಡೆಯಬೇಕು. ನಳಿಕೆ ರಾತ್ರಿಯ ಚಳಿಗೆ ತಣ್ಣಗಿರುತ್ತಿತ್ತು, ನನ್ನ ಬೆರಳು ಅದಕ್ಕಿಂತ ತಣ್ಣಗೆ. ಎರಡನೆಯ ಗುಂಡಿಗೆ ಅಪ್ಪಣೆ ಇಲ್ಲ.

"ಇನ್ನೊಂದು ಹೊಡೀತೀನಿ ಅಕ್ಕ, ಇದು ಗಾಳಿಗೆ ಹೋಯ್ತು."

"ಕಯೋಟಿ ಕಾಯ್ತದಾ ಇನ್ನೊಂದಕ್ಕೆ?"

ದಿನವೂ ಅದೇ ಕಾಗದ, ಬದಲಾಯಿಸುವ ಹಾಗಿಲ್ಲ. ಹನ್ನೆರಡನೆಯ ದಿನ ಅವಳು ಅದನ್ನು ಬಿಚ್ಚಿ ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಸಕ್ಕರೆ ಡಬ್ಬಿಯ ಮುಚ್ಚಳವನ್ನು ನಡುವೆ ಇಟ್ಟಳು. ಮುಚ್ಚಳದ ಅಗಲ ಕಯೋಟಿಯ ಎದೆಯಷ್ಟಿತ್ತು. ಹನ್ನೆರಡರಲ್ಲಿ ಐದು ತೂತು ಮುಚ್ಚಳದ ಹೊರಗೆ ಉಳಿದವು.

ಪರ್ಸು ತೆಗೆದು ಆ ಚೂರನ್ನು ಅವಳ ಮುಂದಿಟ್ಟೆ. "ಅಕ್ಕ, ಇದೊಂದು ಸುಳ್ಳು. ಆ ಬೇಸಿಗೆ ಪೂರ್ತಿ ಹೊಡ್ದಿದ್ದೆ. ನಲವತ್ತು ಕಾಗದ ಆಗಿತ್ತು. ಮೂವತ್ತೊಂಬತ್ತನ್ನ ಒಲೆಗೆ ಹಾಕ್ದೆ, ಇದೊಂದು ಇಟ್ಕೊಂಡೆ."

ಅವಳು ಕನ್ನಡಕ ಏರಿಸಿ ಅದನ್ನು ನೋಡಿದಳು. "ನಮ್ಮ ಕರಿಮೂತಿ ಕುರಿ ಒಂದು ವರ್ಷ ಮೂರು ಮರಿ ಹಾಕಿತ್ತು. ಹಾಗಂತ ನಾನು ಎಲ್ಲಾ ಕುರೀನೂ ಮೂರ್ಮೂರು ಹಾಕ್ತವೆ ಅಂತ ಊರಿಗೆ ಡಂಗುರ ಹೊಡ್ದಿದ್ನಾ?" ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಸುಳ್ಳೇನಲ್ಲ ಬಿಡೋ. ಒಳ್ಳೇ ದಿನ. ಆದ್ರೆ ನಂಗೆ ಬೇಕಾಗಿರೋದು ನಿನ್ನ ಮಾಮೂಲಿ ದಿನ."

ಆ ಮಾತಿಗೆ ನನ್ನ ಕಣ್ಣು ತುಂಬಿತು. ಅರವತ್ತೊಂದು ವರ್ಷದಲ್ಲಿ ನನ್ನ ಮಾಮೂಲಿ ದಿನ ಬೇಕು ಅಂದವರು ಯಾರೂ ಇರಲಿಲ್ಲ, ಕಟ್ಟಿಕೊಂಡ ಹೆಂಡತಿಯೂ ಸೇರಿ.

ಮರುದಿನ ಕಾಗದವನ್ನು ನೂರೈವತ್ತು ಗಜಕ್ಕೆ ತಂದೆವು. ಇನ್ನೂ ಎಂಟು ಬೆಳಿಗ್ಗೆ, ಎಂಟು ಗುಂಡು. ಎಂಟೂ ಮುಚ್ಚಳದ ಒಳಗೇ ಬಿದ್ದವು. ಅಷ್ಟರಲ್ಲಿ ಇನ್ನೂ ನಾಲ್ಕು ಮರಿ ಹೋಗಿದ್ದವು. ಒಂದೊಂದು ಹೋದಾಗಲೂ ಅಕ್ಕ ಹಾಲು ಕಟ್ಟಿದ ತಾಯಿ ಕುರಿಯ ಕೆಚ್ಚಲು ಹಿಂಡಿ ಹಗುರ ಮಾಡಿ ಬರುತ್ತಿದ್ದಳು. ಬಂದು ಕೈ ತೊಳೆಯುತ್ತಿದ್ದಳು. ಹೊಸ ನಳಿಕೆಯ ಆಸೆ ನನ್ನಲ್ಲಿ ಸತ್ತದ್ದು ಆ ದಿನಗಳಲ್ಲಿ.

ವಿಲ್ಮೆರ್ ಕಯೋಟಿಯ ದಾರಿ ನೋಡಿ, ಗಾಳಿ ನೋಡಿ, ಮಂದೆ ಮಲಗುವ ತಗ್ಗಿನ ಮೇಲೆ ಒಂದು ಪೊದೆಯ ಮರೆ ಹುಡುಕಿದ. ಅಲ್ಲಿಂದ ಸುತ್ತಲೂ ನೂರೈವತ್ತು ಗಜ ಅಳೆದು, ನೀಲಿ ಬಣ್ಣ ಬಳಿದ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟ.

"ಕಲ್ಲಿನ ಒಳಗೆ ಬಂದ್ರೆ ನಿಂದು. ಹೊರಗಿದ್ರೆ ಅದರದ್ದು," ಎಂದಳು ಅಕ್ಕ. ನನ್ನ ಪಕ್ಕದಲ್ಲೇ ಕಂಬಳಿ ಹೊದ್ದು ಕೂತಳು.

ಮೊದಲ ಬೆಳಿಗ್ಗೆ ಅದು ದಿಬ್ಬ ಇಳಿದು ಇನ್ನೂರೈವತ್ತು ಗಜದಲ್ಲಿ ಅಡ್ಡಲಾಗಿ ನಿಂತಿತು. ಎಳೆ ಬಿಸಿಲಿಗೆ ಅದರ ಬೆನ್ನು ಕೆಂಪಗೆ ಹೊಳೆಯುತ್ತಿತ್ತು. ಬೋಳು ಬಾಲ ಕೂಡ ದುರ್ಬೀನಿನಲ್ಲಿ ಚೆನ್ನಾಗಿ ಕಂಡಿತು.

"ಅಕ್ಕ," ಎಂದು ಪಿಸುಗುಟ್ಟಿದೆ.

"ಕಲ್ಲು ನೋಡು."

ಅದು ಹೊರಟುಹೋಯಿತು. ಎರಡನೆಯ ಬೆಳಿಗ್ಗೆಯೂ ಅಷ್ಟೇ ದೂರದಲ್ಲಿ ಕೂತು ಕಿವಿ ಕೆರೆದುಕೊಂಡಿತು. ನಾನು ಟ್ರಿಗರಿನ ಮೇಲಿಂದ ಬೆರಳು ತೆಗೆದು ಅಂಗಿಯೊಳಗೆ ಇಟ್ಟುಕೊಂಡೆ, ಆ ಬೆರಳನ್ನು ನಂಬುವ ಹಾಗಿರಲಿಲ್ಲ. ಕಯೋಟಿ ದಿಬ್ಬದ ಆಚೆ ಬದಿಯಿಂದ ಸುತ್ತಿ, ಮಂದೆಯ ಅಂಚಿನಲ್ಲಿದ್ದ ಒಂದು ಮರಿಯನ್ನು ಹಿಡಿದುಕೊಂಡು ಹೋಯಿತು. ಮರಿಯ ಕೂಗು ನಮಗೆ ಕೇಳಿಸಿತು.

ನನಗೆ ತಡೆಯಲಾಗಲಿಲ್ಲ. "ಹೊಡೀಬಹುದಿತ್ತು! ಬೀಳೋದಿದ್ರೆ ಬೀಳ್ತಿತ್ತು! ಸುಮ್ನೆ ಕೂತು ಮರಿ ಕೊಟ್ವಲ್ಲ!"

"ಮರಿ ನಂದು ಕಣೋ. ನೋವೂ ನಂದೇ," ಎಂದಳು. "ನೀನು ಹೊಡ್ದು ತಪ್ಪಿದಾಗೆಲ್ಲ ಅದು ಒಂದೊಂದು ಪಾಠ ಕಲೀತು. ನೂರು ಗಜ ಹಿಂದಕ್ಕೆ ಹೋಯ್ತು. ಈಗ ಕಲ್ತಿದ್ದನ್ನ ಮರೆತುಬಿಡ್ಲಿ. ಮೂರು ವಾರದ ಹಿಂದೆ ಐನೂರರಲ್ಲಿತ್ತು, ಇವತ್ತು ಎಲ್ಲಿ ಕೂತಿತ್ತು ಹೇಳು?"

"ಇನ್ನೂರೈವತ್ತು."

"ಮತ್ತೆ?"

ಅವಳು ಹೇಳಿದ್ದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬಂದೂಕು ಸುಮ್ಮನಿದ್ದದ್ದೂ ಕೆಲಸವೇ ಎಂದು ನಮ್ಮ ದಾಣಿ ಅಂಗಡಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೆಯ ಬೆಳಿಗ್ಗೆ ಅದು ನೂರೆಂಬತ್ತಕ್ಕೆ ಬಂತು. ಗಾಳಿ ಮೂಸಿ, ಹಿಂದಿರುಗಿತು. ನಾನು ಕೆಮ್ಮು ಕೂಡ ನುಂಗಿಕೊಂಡೆ.

ನಾಲ್ಕನೆಯ ಬೆಳಿಗ್ಗೆ ನಾಯಿಗಳು ತಗ್ಗಿನ ಆ ಬದಿಯಲ್ಲಿದ್ದವು. ಅದು ದಿಬ್ಬದಿಂದ ಇಳಿದು, ತನ್ನ ಮನೆಯ ಅಂಗಳದಲ್ಲಿ ಓಡಾಡುವ ಹಾಗೆ ಓಡುನಡಿಗೆಯಲ್ಲಿ ಬಂದು, ನೀಲಿ ಕಲ್ಲೊಂದನ್ನು ಮೂಸಿ, ದಾಟಿತು. ಇನ್ನೂ ಹತ್ತು ಹೆಜ್ಜೆ ಇಟ್ಟು, ಮರಿಗಳ ಕಡೆ ನೋಡುತ್ತಾ ನಿಂತಿತು. ನಾನು ಉಸಿರು ಅರ್ಧ ಬಿಟ್ಟೆ. ದಿನಾ ಬೆಳಿಗ್ಗೆ ಕಾಗದಕ್ಕೆ ಹೊಡೆದ ಹಾಗೆಯೇ ಹೊಡೆದೆ, ಅದಕ್ಕಿಂತ ಚೆನ್ನಾಗಿ ಅಲ್ಲ, ಕೆಟ್ಟದಾಗಿಯೂ ಅಲ್ಲ. ಅದು ನಿಂತಲ್ಲೇ ಕುಸಿಯಿತು, ಮತ್ತೆ ಅಲ್ಲಾಡಲಿಲ್ಲ.

ಮೂವರೂ ನಡೆದು ಹೋದೆವು. ಸತ್ತ ಮೇಲೆ ಅದು ಚಿಕ್ಕದಾಗಿ ಕಂಡಿತು. ಅಕ್ಕ ಬಗ್ಗಿ ಅದರ ಕಿವಿಯ ಮೇಲಿದ್ದ ಉಣ್ಣಿಹುಳವೊಂದನ್ನು ಕಿತ್ತು ಎಸೆದಳು. "ಬುದ್ಧಿವಂತ ಕಣೋ ನೀನು," ಎಂದು ಅದಕ್ಕೇ ಹೇಳಿದಳು. ನನಗೂ ಒಂದು ಮಾತು ಹೇಳುತ್ತಾಳೆಂದು ಆಸೆಯಿಂದ ನಿಂತಿದ್ದೆ. ಹೇಳಲಿಲ್ಲ.

ಜೂನ್ ಕಳೆಯಿತು, ಜುಲೈ ಬಂತು. ಒಂದು ಮರಿಯೂ ಹೋಗಲಿಲ್ಲ. ಇಲಿ ತಿನ್ನುವ ಕಯೋಟಿಗಳು ದಿಬ್ಬದ ಮೇಲೆ ಸಂಜೆ ಹಾಡುತ್ತಿದ್ದವು, ವಿಲ್ಮೆರ್ ಹೇಳಿದ ಹಾಗೆ ಅವುಗಳ ಪಾಡಿಗೆ ಅವು. ಸೆಪ್ಟೆಂಬರಿನ ಲಾರಿಯ ವಿಷಯ ಅಕ್ಕ ಎತ್ತಲಿಲ್ಲ. ನನಗೆ ಕೇಳುವ ಧೈರ್ಯವಿರಲಿಲ್ಲ.

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಫೋನ್ ಬಂತು. "ಬಾರೋ, ಬಾಗಿಲು ಹಿಡಿಯೋಕೆ ಒಬ್ಬ ಬೇಕು," ಎಂದಳು.

ಹೋದಾಗ ಮಂದೆಯನ್ನು ಇಕ್ಕಟ್ಟಿನ ಓಣಿಗೆ ತುಂಬಿದ್ದರು. ಓಣಿಯ ತುದಿಯಲ್ಲಿ ಮರದ ಬಾಗಿಲಿತ್ತು. ಎಡಕ್ಕೆ ತಳ್ಳಿದರೆ ಮಾರುವ ಆವರಣ, ಬಲಕ್ಕೆ ತಳ್ಳಿದರೆ ಉಳಿಸಿಕೊಳ್ಳುವ ಆವರಣ. ಹೋದ ಶರತ್ಕಾಲದಲ್ಲಿ ಅವಳು ಬಲಗಡೆಯ ಆವರಣಕ್ಕೆ ಒಂದು ಹೆಣ್ಣುಮರಿಯನ್ನೂ ಬಿಟ್ಟಿರಲಿಲ್ಲ. ನನ್ನನ್ನು ಬಾಗಿಲ ಬಳಿ ನಿಲ್ಲಿಸಿ ತಾನು ಬೇಲಿಯ ಮೇಲೆ ಕೂತಳು.

ಗಂಡುಮರಿಗಳು ಬಂದವು. "ಎಡಕ್ಕೆ," ಎಂದಳು. ಎಡಕ್ಕೆ ಬಿಟ್ಟೆ. ಮುದಿ ಕುರಿಯೊಂದು ಬಂತು. "ಎಡಕ್ಕೆ." ಆಮೇಲೆ ಒಂದು ಹೆಣ್ಣುಮರಿ, ಅಗಲ ಸೊಂಟದ್ದು, ಓಣಿಯ ತುದಿಗೆ ಬಂದು ನನ್ನ ಮುಖ ನೋಡಿತು. ನಾನು ಬಾಗಿಲು ಹಿಡಿದು ಕಾದೆ. ಹಿಂದಿನಿಂದ ಕುರಿ ಓಡಿಸುತ್ತಿದ್ದ ವಿಲ್ಮೆರ್ ಶಿಳ್ಳೆ ನಿಲ್ಲಿಸಿದ.

"ಇದು ಈಯೋಕೆ ಇನ್ನೂ ಎರಡು ವರ್ಷ ಆಗ್ತದೆ," ಎಂದಳು ಅಕ್ಕ ಕೊನೆಗೆ. "ಆಗ ನಂಗೆ ಅರವತ್ತೆಂಟು."

"ನಂಗೆ ಅರವತ್ತಮೂರು," ಎಂದೆ. "ನಾನಿರ್ತೀನಕ್ಕ. ದಿನಾ ಬೆಳಿಗ್ಗೆ."

ಅವಳು ನನ್ನ ಕಡೆ ತಿರುಗಲಿಲ್ಲ. ಮರಿಯನ್ನೇ ನೋಡುತ್ತಾ, ಬೆರಳಿನಿಂದ ಬಲಗಡೆ ತೋರಿಸಿದಳು.