ಕಾಯಿನೀರು ಕುಡಿದ ಫೋಟೊಗಳು

ಭಾಗ್ಯನಗರದ ಕುಬೇರಪ್ಪನ ಫೋಟೊ ಸ್ಟುಡಿಯೊದಲ್ಲಿ ಖಂಡೇಪೂಜೆ ಭರ್ಜರಿಯಾಗಿ ನಡೆಯಿತು. ಕ್ಯಾಮೆರಾಕ್ಕೆ ಕುಂಕುಮ, ಪ್ರಿಂಟರಿಗೆ ಹೂವು. ಅನ್ನ ಕೊಡುವ ಕಂಪ್ಯೂಟರಿಗೆ ಕಡಿಮೆಯಾಗಬಾರದೆಂದು ಅದರ ಪೆಟ್ಟಿಗೆಯ ನೆತ್ತಿಯ ಮೇಲೇ ಕಾಯಿ ಒಡೆದ. ನೀರು ತೂತುಗಳೊಳಗೆ ಇಳಿಯಿತು. ಕಾಯಿಯಿಂದ ಕಾಯಿಲೆ: ಫೋಟೊ ತುಂಬಿಟ್ಟಿದ್ದ ಹಾರ್ಡ್ ಡಿಸ್ಕಿನ ಹಾರ್ಟೇ ನಿಂತಿತು.

ಮರುದಿನ ಹುಲಿಹೈದರದ ಹೊಳಿಯಮ್ಮ, ಕನಕಗಿರಿಯಲ್ಲಿರುವ ಅಕ್ಕ ಕರಿಯವ್ವನನ್ನು ಎಳೆದುಕೊಂಡೇ ಬಂದಳು. ಬೇಸಿಗೆಯಲ್ಲಿ ಕರಿಯವ್ವನ ಮಗಳು ಗೀತಾಳ ಮದುವೆಗೆ ಫೋಟೊ ತೆಗೆದವನು ಕುಬೇರಪ್ಪನೇ.

“ಆಲ್ಬಮ್ಮಿನ್ಯಾಗ ನಿನ್ನ ಮಾರಿ ಇಲ್ಲ. ನನ್ನ ಮಗಳ ಮದುವಿಗೆ ನೀ ಬಂದಿಲ್ಲ. ನಿನ್ನ ಮಗನ ಮದುವಿಗೆ ನಾನೂ ಬರಂಗಿಲ್ಲ,” ಎಂದಳು ಕರಿಯವ್ವ.

“ಆಲ್ಬಮ್ಮಿಗೆ ಎಲ್ಲಾರ್ನೂ ಹಾಕ್ತಾರೇನಬೇ ಯಕ್ಕಾ? ಉಳಿದ ಫೋಟೊ ಕಂಪ್ಯೂಟರಿನ್ಯಾಗ ಅದಾವ. ಕುಬೇರಪ್ಪಣ್ಣ, ತೋರ್ಸು. ದೀಪಾವಳಿ ಮುಗದ ಮ್ಯಾಲೆ ನಮ್ಮ ಕೃಷ್ಣನ ಮದುವಿ. ದೊಡ್ಡವ್ವನ ಅಕ್ಕಿಕಾಳ ಹಾಕ್ಲಿಲ್ಲಂದ್ರ ಹಂದರದಾಗ ನಾ ಹೆಂಗ ನಿಂದರ್ಲಿ?”

ಕುಬೇರಪ್ಪ ಕೆಟ್ಟ ಪೆಟ್ಟಿಗೆಯತ್ತ ಕೈ ತೋರಿಸಿದ. “ಫೋಟೊ ಎಲ್ಲಾ ಕಾಯಿನೀರು ಕುಡದಾವ ಯವ್ವಾ.”

ಕೊಪ್ಪಳದಿಂದ ರಿಪೇರಿಯ ಯಂಕೇಶ ಬಂದು ಪೆಟ್ಟಿಗೆ ಬಿಚ್ಚಿದ.

“ಇದು ಮುಗೀತಣ್ಣ. ಮ್ಯಾಲೆ ಯಾಕ ಕಾಯಿ ಒಡದಿ?”

“ಕೆಳಗ ಒಡದ್ರ ನೆಲದ ಪೂಜಿ ಆಕೈತಲ್ಲೋ!”

“ಇರ್ಲಿ, ಇನ್ನೊಂದು ಡಿಸ್ಕ್ ಛಲೋ ಐತಿ. ನೀ ಫೋಟೊ ನೋಡಿದಾಗೆಲ್ಲ, ಮುಂದ ಲಗೂನ ತೋರ್ಸಾಕಂತ ಕಂಪ್ಯೂಟರ್ ಒಂದು ಸಣ್ಣ ನಕಲು ಅದರಾಗ ಬಚ್ಚಿಟ್ಟಿರ್ತೈತಿ. ಅದಕ್ಕ ಕ್ಯಾಶ್ ಅಂತಾರ.”

“ಕ್ಯಾಶ್ ಐತಾ!” ಕುಬೇರಪ್ಪನ ಮುಖ ಹೆಸರಿಗೆ ತಕ್ಕಂತೆ ಅರಳಿತು.

“ರೊಕ್ಕ ಅಲ್ಲಪಾ.” ಯಂಕೇಶ ಹೊಳಿಯಮ್ಮನತ್ತ ತಿರುಗಿದ. “ಯವ್ವಾ, ಅವತ್ತು ಯಾವ ಸೀರಿ ಉಟ್ಟಿದ್ರಿ? ಹುಡಕಾಕ ಸಲೀಸ ಆಕೈತಿ.”

“ಸೀರಿ ಕಟ್ಕೊಂಡು ನಿನಗೇನಾಗಬೇಕೋ ತಮ್ಮಾ? ಮಾರಿ ನೋಡಿ ಹುಡುಕು.”

ಕ್ಯಾಶಿನಲ್ಲಿ ಇಡೀ ಮದುವೆ ಸಿಕ್ಕಿತು, ಅಂಚೆಚೀಟಿಯಷ್ಟು. ಹಿಗ್ಗಿಸಿದರೆ ಎಲ್ಲವೂ ಚೌಕ ಚೌಕ ಕೌದಿ. ಮದುಮಗನ ಬಾಸಿಂಗವೂ ಬೀಗರ ತಲೆಯ ಪಟಗವೂ ಬೆರೆತುಹೋಗಿದ್ದವು.

ಹೊಳಿಯಮ್ಮ ಒಂದು ಚಿತ್ರಕ್ಕೆ ಬೆರಳಿಟ್ಟಳು. “ಗೀತಾನ ಬಾಜೂಕ ನಿಂತಾಕಿ ನಾನ.”

“ಇದಕ್ಕ ಕಣ್ಣಿಲ್ಲ, ಮೂಗಿಲ್ಲ. ನೀ ಅಂತ ಹೆಂಗ ನಂಬ್ಲಿ?” ಎಂದ ಕರಿಯವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. “ಅರಿಶಿಣ ಸೀರಿ... ಹಸರ ಅಂಚು... ಸೆರಗಿಗೆ ಗುಲಾಬಿ ತ್ಯಾಪಿ. ಆ ತ್ಯಾಪಿ ಹಚ್ಚಿದಾಕಿ ನಾನ! ಹುಲಗಿ ಜಾತ್ರಿಗೆ ಹೋಗಿಬರ್ತೀನಂತ ನೀ ಇಸ್ಕೊಂಡು ಹೋದ ಸೀರಿ! ಇಲಿ ಕಡದಾವ ಅಂದಿದ್ಯಲ್ಲ?”

ಹೊಳಿಯಮ್ಮ ತಲೆ ತಗ್ಗಿಸಿದಳು. “ಭಾಳ ಚಂದ ಇತ್ತಬೇ, ಕೊಡಾಕ ಮನಸ್ಸಾಗಲಿಲ್ಲ. ಮದುವಿಗೆ ಅದನ್ನ ಉಟ್ಟು ಬಂದೆ, ನಿನ್ನ ಎದುರಿಗೆ ಬರಾಕ ಅಂಜಿಕಿ ಆತು. ನೀ ಅಡಗಿ ಕಡೆ ಹೋದಾಗ ಅಕ್ಕಿಕಾಳ ಹಾಕಿ, ಫೋಟೊಕ್ಕ ನಿಂತು, ಉಣ್ಣದ ಬಸ್ ಹತ್ತಿದ್ನಿ.”

“ಉಣ್ಣದ ಹೋದ್ಯಾ?” ಕರಿಯವ್ವನ ಸಿಟ್ಟು ಸೀರೆಯಿಂದ ಜಾರಿ ಊಟಕ್ಕೆ ಬಿತ್ತು. “ನನ್ನ ಮಗಳ ಮದುವ್ಯಾಗ ನನ್ನ ತಂಗಿ ಉಪವಾಸ ಹೋದ್ಲಾ? ನಿನಗ ಬುದ್ಧಿ ಐತೇನ?”

ಬೈಗುಳ ಬಾಗಿಲಾಚೆಗೂ ಕೇಳುತ್ತಿತ್ತು. ಹೊಳಿಯಮ್ಮ ಮಾತ್ರ ನಗುತ್ತಿದ್ದಳು.

“ಕೃಷ್ಣನ ಮದುವಿಗೆ ಬರ್ತೀನಿ,” ಎಂದಳು ಕರಿಯವ್ವ ಕೊನೆಗೆ. “ಆ ಸೀರಿ ನಾನ ಉಡ್ತೀನಿ. ಇಸ್ತ್ರಿ ಮಾಡ್ಸಿಡು.”

ಹೊಳಿಯಮ್ಮ ಕುಬೇರಪ್ಪನತ್ತ ತಿರುಗಿದಳು. “ಅಣ್ಣಾ, ಫೋಟೊಕ್ಕ ನೀನ ಬರ್ಬೇಕು. ಕಾಯಿ ಮಾತ್ರ ನಾವ ಒಡಿತೀವಿ.”